ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು

ಕುಟುಂಬ ಸುರಕ್ಷತೆಯ ವಿಷಯದಲ್ಲಿ ನಾನು ತಜ್ಞ. ಈ ಹುದ್ದೆಗೆ ನನ್ನನ್ನು ಯಾರೂ ನೇಮಿಸಲಿಲ್ಲ, ಆದ್ದರಿಂದ ತೆಗೆದುಹಾಕುವ ಅಧಿಕಾರವೂ ಯಾರಿಗೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಡತಗಳನ್ನು ಸುರಕ್ಷಿತವಾಗಿಟ್ಟು, ಅವು ಯಾರ ಕೈಗೂ ಸಿಗದಂತೆ ನೋಡಿಕೊಂಡು ನಿವೃತ್ತನಾದವನು ನಾನು. ಅದೇ ಅನುಭವವನ್ನು ಈಗ ಕಾರು, ಮನೆ, ಮೊಮ್ಮಗನ ಮೇಲೆ ಪ್ರಯೋಗಿಸುತ್ತಿದ್ದೇನೆ.

ಮೊದಲು ಕಾರು. ಹೊಸ ಗಾಡಿ ಶೋರೂಮಿನಿಂದ ಹೊರಬರುವ ಕ್ರಮದಲ್ಲಿ ನಮ್ಮಷ್ಟು ಬಿಗಿಯಾದ ಮಾನದಂಡ ಇನ್ನಾರಲ್ಲೂ ಇಲ್ಲ. ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು. ಹಣ್ಣಿನ ಮೇಲೆ ಕಲೆ ಇರಬಾರದು, ನಾಲ್ಕೂ ಒಟ್ಟಿಗೆ ಪಚಕ್ಕೆನ್ನಬೇಕು. ನಮ್ಮ ಕಾರು ತಂದ ದಿನ ಎಡಗಡೆ ಹಿಂದಿನ ಹಣ್ಣು ಜಾರಿ ಪಕ್ಕಕ್ಕೆ ಉರುಳಿಹೋಯಿತು. ನನ್ನ ಹೆಂಡತಿ ಗಾಡಿಯನ್ನು ಹಿಂದಕ್ಕೆ ತೆಗೆಸಿ, ಬೇರೆ ನಾಲ್ಕು ಹಣ್ಣು ತರಿಸಿ, ಮತ್ತೆ ಮೊದಲಿನಿಂದ ಹತ್ತಿಸಿದಳು. ಗುಣಮಟ್ಟ ಪರಿಶೀಲನೆ ಎಂದರೆ ಇದು. ಆಮೇಲೆ ಬಂಪರಿಗೆ ನಿಂಬೆ-ಮೆಣಸಿನಕಾಯಿ ಸರ, ಬಾನೆಟ್ಟಿಗೆ ಸ್ವಸ್ತಿಕ, ಆಯುಧಪೂಜೆಗೆ ಬೂದುಗುಂಬಳ. ಕುಂಬಳಕಾಯಿಯನ್ನು ನಡುರಸ್ತೆಯಲ್ಲಿ ಒಡೆದರೆ ನಮ್ಮ ಗಾಡಿಗೆ ಬಿದ್ದ ದೃಷ್ಟಿ ಕಳಚಿ ಹಿಂದೆ ಬರುವ ಸ್ಕೂಟರಿನವನಿಗೆ ಹೋಗುತ್ತದೆ. ಅವನು ಜಾರಿ ಬೀಳುತ್ತಾನೆ. ವಿಧಿ ಫಲಿಸಿತು ಎನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಇಷ್ಟು ಭದ್ರವಾದ ಮನೆಗೆ ಜೂನ್ ತಿಂಗಳಲ್ಲಿ ಸೊಸೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿದಳು. ಒಳಗೆ ಪಟ್ಟಿ, ಬಕಲ್ಲು, ದಿಂಬು ಎಲ್ಲ ಇದ್ದ ಒಂದು ಪುಟ್ಟ ಕುರ್ಚಿ.

"ಇದೇನಮ್ಮ, ಪುಟ್ಟನ ಚೌಲಕ್ಕಾ?" ಎಂದೆ.

"ಅಲ್ಲ ಮಾವ, ಕಾರಿಗೆ. ಪುಟ್ಟನ ಸೀಟು. ಹದಿನೈದು ಸಾವಿರ."

ಪುಟ್ಟನಿಗೆ ಆಗ ಹನ್ನೊಂದು ತಿಂಗಳು, ತೂಕ ಹತ್ತು ಕೆಜಿ. ಅಂದರೆ ಕೆಜಿಗೆ ಒಂದೂವರೆ ಸಾವಿರ. ನಾನು ಕೂಡಲೇ ತಜ್ಞನಾಗಿ ಮಧ್ಯೆ ಪ್ರವೇಶಿಸಿದೆ.

ಮಗುವನ್ನು ಕಾರಿನಲ್ಲಿ ಕರೆದೊಯ್ಯಲು ನಮ್ಮಲ್ಲಿ ಮಡಿಲು ಎಂಬ ವ್ಯವಸ್ಥೆ ತಲೆತಲಾಂತರದಿಂದ ಇದೆ. ಇದಕ್ಕೆ ಪ್ರತ್ಯೇಕ ಖರ್ಚಿಲ್ಲ, ಬ್ಯಾಟರಿ ಬೇಡ, ಬಿಸಿಯಾಗಿರುತ್ತದೆ, ಅತ್ತರೆ ತಟ್ಟುತ್ತದೆ, ಹಸಿದರೆ ಬಾಳೆಹಣ್ಣು ಕೊಡುತ್ತದೆ. ಯಾವ ಕಂಪನಿಯ ಸೀಟು ಬಾಳೆಹಣ್ಣು ಕೊಡುತ್ತದೆ? ಜೊತೆಗೆ ಜಾಗದ ಪ್ರಶ್ನೆ. ನಮ್ಮ ಕಾರು ಐದು ಜನರದು. ಧರ್ಮಸ್ಥಳಕ್ಕೆ ಹೊರಟರೆ ಮಗ, ಸೊಸೆ, ನಾನು, ಹೆಂಡತಿ, ನನ್ನ ತಂಗಿ, ಅವಳ ಗಂಡ, ಪುಟ್ಟ, ಒಂದು ಬುಟ್ಟಿ ಚಕ್ಕುಲಿ. ಹಿಂದಿನ ಸೀಟಿನ ಹಂಚಿಕೆ ಸಮ್ಮಿಶ್ರ ಸರ್ಕಾರದ ಖಾತೆ ಹಂಚಿಕೆಯಷ್ಟೇ ನಾಜೂಕು. ಅಂಥದ್ದರಲ್ಲಿ ಹಲ್ಲೂ ಸರಿಯಾಗಿ ಬರದವನಿಗೆ ಒಂದು ಇಡೀ ಖಾತೆ ಬಿಟ್ಟುಕೊಟ್ಟರೆ ತಂಗಿ ಬೆಂಬಲ ವಾಪಸ್ ತೆಗೆದುಕೊಳ್ಳದೆ ಇರುತ್ತಾಳೆಯೆ?

ಸೊಸೆ ಲೆಕ್ಕದವಳು, ಇಂಜಿನಿಯರಿಂಗ್ ಓದಿದ್ದಾಳೆ. ಊಟದ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಕೂತಳು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಡಿಕ್ಕಿ ಹೊಡೆಯುವುದೂ ಒಂದೇ, ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ನೆಲಕ್ಕೆ ಬೀಳುವುದೂ ಒಂದೇ. ಆ ವೇಗದಲ್ಲಿ ಅರ್ಧ ಮೀಟರಿನೊಳಗೆ ಗಾಡಿ ನಿಂತರೆ ಒಳಗಿರುವವರ ಮೇಲೆ ತಮ್ಮ ತೂಕದ ಇಪ್ಪತ್ತರಷ್ಟು ಸೆಳೆತ. ಹತ್ತು ಕೆಜಿ ಪುಟ್ಟ ಆ ಗಳಿಗೆಗೆ ಇನ್ನೂರು ಕೆಜಿ.

"ಅತ್ತೆ ಅಷ್ಟು ಹಿಡಿದುಕೊಳ್ತಾರಾ ಮಾವ?"

ನಾನು ಯೋಚಿಸಿದೆ. ನನ್ನ ಹೆಂಡತಿ ಇಪ್ಪತ್ತೈದು ಕೆಜಿಯ ಸೋನಾ ಮಸೂರಿ ಮೂಟೆಯನ್ನು ಅಂಗಡಿ ಹುಡುಗನ ಸಹಾಯವಿಲ್ಲದೆ ಅಡುಗೆಮನೆಗೆ ಎಳೆದುಕೊಂಡು ಹೋಗುವವಳು. ಎಂಟು ಮೂಟೆಗಳನ್ನು ಒಟ್ಟಿಗೆ ಅವಳ ಕೈಗೆ ಎಸೆದು ನೋಡಿಲ್ಲ, ಅಷ್ಟು ಅಕ್ಕಿ ನಮಗೆ ಬೇಕಾಗಿಲ್ಲ. ಆದರೆ ತಾಯಿಯ ಕರುಳು, ಅಜ್ಜಿಯ ಮಮತೆ ಇವನ್ನು ಯಾವ ಸೂತ್ರದಲ್ಲೂ ಸೇರಿಸಿಲ್ಲವಲ್ಲ, ಅದು ಭೌತಶಾಸ್ತ್ರದ ದೋಷ. ಹಾಗೆಂದೇ ಹೇಳಿದೆ. ಸೊಸೆ ಪೆನ್ಸಿಲ್ ಕೆಳಗಿಟ್ಟಳು. ಚರ್ಚೆಯಲ್ಲಿ ಗೆದ್ದದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಸೀಟಿನಲ್ಲಿ ಇನ್ನೊಂದು ಅವಲಕ್ಷಣ ಇತ್ತು. ಮಗುವಿಗೆ ಹದಿನೈದು ತಿಂಗಳು ದಾಟುವವರೆಗಾದರೂ ಅದನ್ನು ಹಿಮ್ಮುಖವಾಗಿಯೇ ಕೂರಿಸಬೇಕಂತೆ. ಹುಟ್ಟಿದ ಮಗುವಿನ ತಲೆಯೇ ಅದರ ಉದ್ದದ ಕಾಲು ಭಾಗ, ಕತ್ತಿನ ಮೂಳೆ ಇನ್ನೂ ಎಳಸು, ಎದುರಿಂದ ಪೆಟ್ಟು ಬಿದ್ದರೆ ಆ ಭಾರದ ತಲೆ ಮುಂದಕ್ಕೆ ಎಗರದಂತೆ ಸೀಟಿನ ಬೆನ್ನೇ ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆಯಬೇಕು ಎಂಬುದು ಅದರ ಹಿಂದಿನ ತರ್ಕ. ನನ್ನ ಹೆಂಡತಿ ಒಪ್ಪಲಿಲ್ಲ. "ಮಗು ಹಿಂದಕ್ಕೆ ನೋಡ್ತಾ ಬೆಳೆದರೆ ಹಿಂದುಳೀತದೆ" ಎಂದಳು. ಶಿಕ್ಷಣ ತಜ್ಞರು ಇದನ್ನು ಗಮನಿಸಬೇಕು.

ಸೀಟು ಬಿಗಿಯುವ ಕೆಲಸಕ್ಕೆ ಮಗ ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ ಕೈಹಾಕಿ ಎರಡು ಕಬ್ಬಿಣದ ಬಳೆಗಳನ್ನು ಹುಡುಕಿ ತೆಗೆದ. ಐಸೋಫಿಕ್ಸ್ ಎಂದು ಹೆಸರು. ಸೀಟಿನ ಕೊಕ್ಕೆಗಳನ್ನು ಅದಕ್ಕೆ ಸಿಕ್ಕಿಸಿದರೆ ಕಟಕ್ ಎನ್ನುತ್ತದೆ, ಕಾರಿನ ಮೈಗೇ ಅಂಟಿಕೊಳ್ಳುತ್ತದೆ. ಕಾರು ತಂದಾಗಿನಿಂದ ಅದೇ ಸಂದಿಯಲ್ಲಿ ನಾನು ಕಡಲೆಕಾಯಿ ಸಿಪ್ಪೆ ತುರುಕುತ್ತಿದ್ದೆ, ಆ ಬಳೆಗಳು ಇರುವುದೇ ಗೊತ್ತಿರಲಿಲ್ಲ. ನಮ್ಮ ಗಾಡಿಗಂತೂ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಬಂದಿದೆ. 2023ರ ಅಕ್ಟೋಬರ್ 1ರಿಂದ ನಡೆಯುತ್ತಿರುವ, ಗಾಡಿಯನ್ನು ಗುದ್ದಿಸಿ ನೋಡುವ ಈ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 32 ಅಂಕ, ಮಕ್ಕಳ ಸುರಕ್ಷತೆಗೆ 49. ಆ ನಕ್ಷತ್ರಗಳನ್ನು ನೋಡಿಯೇ ನಾನು ಗಾಡಿ ಕೊಂಡದ್ದು. ಸೊಸೆ ಅದಕ್ಕೂ ತಕರಾರು ತೆಗೆದಳು: ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸುವಾಗ ಹಿಂದೆ ಒಂದೂವರೆ ವರ್ಷದ, ಮೂರು ವರ್ಷದ ಮಕ್ಕಳ ಅಳತೆಯ ಎರಡು ಬೊಂಬೆಗಳನ್ನು ಚೈಲ್ಡ್ ಸೀಟಿನಲ್ಲಿ ಕಟ್ಟಿ ಕೂರಿಸಿರುತ್ತಾರಂತೆ. ಮಡಿಲಲ್ಲಿ ಕೂರಿಸಿದ ಮಗುವಿಗೆ ಆ ಅಂಕ ಅನ್ವಯಿಸುವುದಿಲ್ಲವಂತೆ. ಅದು ನನಗೂ ಗೊತ್ತು. ಬೊಂಬೆಗಳಿಗೆ ಅಜ್ಜಿ ಇಲ್ಲ, ಪಾಪ.

ಕಾನೂನಿನ ವಿಷಯ ಬಂದರೆ ನಾನು ಇನ್ನೂ ಗಟ್ಟಿ. ಅಮೆರಿಕದ ಟೆನೆಸಿ ರಾಜ್ಯ 1978ರಲ್ಲೇ ಚೈಲ್ಡ್ ಸೀಟು ಕಡ್ಡಾಯ ಮಾಡಿತು, 1985ರ ಹೊತ್ತಿಗೆ ಅಲ್ಲಿನ ಅಷ್ಟೂ ರಾಜ್ಯಗಳು ಮಾಡಿಬಿಟ್ಟವು. ನಾವು ದುಡುಕುವವರಲ್ಲ. ನಲವತ್ತೊಂದು ವರ್ಷ ಯೋಚಿಸಿ 2019ರ ಸೆಪ್ಟೆಂಬರ್ 1ಕ್ಕೆ ಜಾರಿಗೆ ತಂದೆವು. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ. ಜನ ಗೋಳಾಡಿದರೆಂದು ಅದೇ ತಿಂಗಳು ನಮ್ಮ ರಾಜ್ಯ ಬೆಲ್ಟಿನ ದಂಡವನ್ನು ಐನೂರಕ್ಕೆ ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆಲ್ಲ ಅರ್ಧ ರಿಯಾಯಿತಿ ಬಂತು, ಸೀರೆ ಅಂಗಡಿಯ ಆಷಾಢದ ಸೇಲಿಗೆ ನಿಲ್ಲುವ ಹಾಗೆ ಜನ ಸಾಲು ನಿಂತರು. ಈಗ ಗಣಿತ ಮಾಡಿ. ಸೀಟಿಗೆ ಹದಿನೈದು ಸಾವಿರ. ಆ ಐನೂರಕ್ಕೂ ಅಂಥ ರಿಯಾಯಿತಿ ಸಿಕ್ಕರೆ ತಪ್ಪೊಂದಕ್ಕೆ 250. ಸೀಟು ಕೊಳ್ಳುವ ದುಡ್ಡಿನಲ್ಲಿ ಅರವತ್ತು ಸಲ ಸಿಕ್ಕಿಬೀಳಬಹುದು. ಪುಟ್ಟನಿಗೆ ಹದಿನಾಲ್ಕು ತುಂಬುವವರೆಗೆ ಎಷ್ಟು ಪ್ರಯತ್ನಪಟ್ಟರೂ ನಾವು ಅರವತ್ತು ಸಲ ಸಿಕ್ಕಿಬೀಳಲಾರೆವು. ಈ ಲೆಕ್ಕಕ್ಕೆ ಸೊಸೆ ಪೆನ್ಸಿಲ್ ಎತ್ತಲೇ ಇಲ್ಲ.

ಸ್ಕೂಟರಿನ ಮಾತು ಬೇಡವೇ ಬೇಡ. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನ ಮೈಗೆ ಪಟ್ಟಿಯಿಂದ ಬಿಗಿದು, ಹೆಲ್ಮೆಟ್ ತೊಡಿಸಿ, 40ರ ವೇಗ ಮೀರದಂತೆ ಹೋಗಬೇಕೆಂದು 2022ರಲ್ಲಿ ಅಧಿಸೂಚನೆ ಹೊರಡಿಸಿ, ಮರುವರ್ಷದಿಂದ ಜಾರಿಗೆ ತಂದಿದ್ದಾರೆ. ಮೂರರಲ್ಲಿ ಕೊನೆಯದನ್ನು ಬೆಂಗಳೂರಿನ ಟ್ರಾಫಿಕ್ಕೇ ಪಾಲಿಸುತ್ತದೆ. ನೂರಕ್ಕೆ ಮೂವತ್ತಮೂರು, ಪಾಸು.

ನಮ್ಮವರ ಸಂಶೋಧನಾ ಪ್ರತಿಭೆಗೂ ಒಂದು ಮಾತು ಹೇಳಲೇಬೇಕು. ಬೆಲ್ಟು ಹಾಕದಿದ್ದರೆ ಕಾರು ಕೀ ಕೀ ಎಂದು ಅರಚುತ್ತದೆ. ಅದರ ಬಾಯಿ ಮುಚ್ಚಿಸಲು ಬೆಲ್ಟಿಲ್ಲದ ಬರೀ ನಾಲಿಗೆಯನ್ನು ಕ್ಲಿಪ್ ಎಂದು ಮಾರುತ್ತಿದ್ದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಂದ ಇಂಥ 13,000ಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಸಿತು. ಅವುಗಳಲ್ಲಿ ಕೆಲವು ಬಾಟಲಿಯ ಮುಚ್ಚಳ ತೆಗೆಯಲೂ ಬರುತ್ತಿದ್ದವಂತೆ. ಬೆಲ್ಟು ತೆಗೆದು, ಬಾಟಲಿ ತೆಗೆದು, ಗಾಡಿ ತೆಗೆಯುವವನಿಗೆ ಮೂರೂ ಒಂದೇ ಕೈಯಲ್ಲಿ. ನಮ್ಮಲ್ಲಿರುವುದು ಹಳೆಯ ಸ್ಟಾಕು.

ಅಂತೂ ಆ ಸೀಟು ಕಾರಿನಿಂದ ಇಳಿದು ಊಟದ ಮನೆಗೆ ಬಂತು. ಪುಟ್ಟನಿಗೆ ರಾಗಿ ಸರಿ ತಿನ್ನಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಐದು ಕಡೆ ಪಟ್ಟಿ ಬಿಗಿದರೆ ಓಡಿಹೋಗಲಾರ. ಕಾರಿನಲ್ಲಿ ಅವನು ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ. ಎದುರಿಗೆ ಏರ್‌ಬ್ಯಾಗು ಬೇರೆ ಇದೆ, ದಿಂಬಿನ ಹಾಗೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಸಿಡಿಯುವ ದಿಂಬು, ದೊಡ್ಡವರ ಎದೆಯ ಅಳತೆಗೆ ಮಾಡಿದ್ದು, ಅದರ ಎದುರಿಗೆ ಕೂಸನ್ನು ಕೂರಿಸಬಾರದು ಎಂದು ಸನ್ ವೈಸರಿನ ಮೇಲೆ ಕೆಂಪು ಗೆರೆ ಹೊಡೆದ ಮಗುವಿನ ಚಿತ್ರವನ್ನೇ ಅಂಟಿಸಿದ್ದರು. ಶುಭಕ್ಕೆ ಹೊರಟಾಗ ಅಂಥ ಚಿತ್ರ ಎದುರಿಗಿರುವುದು ಅಪಶಕುನ. ಅದರ ಮೇಲೆ ರಾಘವೇಂದ್ರ ಸ್ವಾಮಿಗಳ ಸ್ಟಿಕ್ಕರ್ ಅಂಟಿಸಿದೆ.

ಇನ್ನು ಮನೆ. ಮೂವತ್ತು-ನಲವತ್ತರ ಸೈಟು, ನಾಗರಬಾವಿಯ ಕಡೆ. ಕಟ್ಟುವಾಗಲೇ ದೃಷ್ಟಿಗೊಂಬೆ ಇತ್ತು, ಜೊತೆಗೆ ಈಗಿನ ಕಾಲಕ್ಕೆ ತಕ್ಕಂತೆ ಕಣ್ಣು ಕೆಕ್ಕರಿಸಿದ ಹೆಂಗಸಿನ ಫ್ಲೆಕ್ಸೂ ಇತ್ತು. ವಾಸ್ತು ನೋಡುವವರಿಗೆ ಮೂರು ಸಲ ದಕ್ಷಿಣೆ ಕೊಟ್ಟು, ಎರಡು ಸಲ ಗೋಡೆ ಒಡೆಸಿ, ಅಡುಗೆಮನೆಯನ್ನು ಆಗ್ನೇಯಕ್ಕೂ ಸಂಪನ್ನು ಈಶಾನ್ಯಕ್ಕೂ ತಂದೆವು. ಗೃಹಪ್ರವೇಶಕ್ಕೆ ಹಸುವನ್ನು ಪಾಲಿಶ್ ಮಾಡಿದ ಗ್ರಾನೈಟ್ ಮೆಟ್ಟಿಲು ಹತ್ತಿಸಿ, ಅದು ಜಾರದಂತೆ ಗೋಣಿಚೀಲ ಹಾಸಿದ್ದೆವು. ನಮ್ಮ ಮನೆಯ ಇತಿಹಾಸದಲ್ಲಿ ಭೌತಶಾಸ್ತ್ರಕ್ಕೆ ನಾನು ಕೊಟ್ಟ ಒಂದೇ ರಿಯಾಯಿತಿ ಅದು.

ನನ್ನ ಭಾವಮೈದ ವಿಮೆ ಏಜೆಂಟು. 1956ರಲ್ಲಿ ಜೀವ ವಿಮಾ ನಿಗಮ ಶುರುವಾದಾಗಿನಿಂದ ವಿಮೆ ಎಂದರೆ ನಮಗೆ ತಿಳಿದಿರುವುದು ಒಂದೇ: ಕಟ್ಟುವುದು, ಬದುಕಿರುವುದು, ಬೋನಸ್ ಸಮೇತ ವಾಪಸ್ ಪಡೆಯುವುದು. ಅವನು ಒಂದು ದಿನ ಮನೆ ವಿಮೆ ಎಂದು ಬಾಯಿ ತೆಗೆದ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅಂತ ಬಂದಿದೆ ಭಾವ, ಯಾವ ಕಂಪನಿಯದಾದರೂ ಮೂಲ ಷರತ್ತು ಒಂದೇ, ಬೆಂಕಿ, ಸಿಡಿಲು, ಭೂಕಂಪ, ನೆರೆ, ಭೂಕುಸಿತ, ಮರ ಬೀಳೋದು, ಗಲಭೆ, ಎಲ್ಲ ಸೇರಿದೆ ಎಂದ.

"ಸರಿ. ಮನೆ ಸುಡದಿದ್ದರೆ ದುಡ್ಡು ಯಾವಾಗ ವಾಪಸ್ ಕೊಡ್ತಾರೆ?"

"ಸುಡದಿದ್ದರೆ ಕೊಡಲ್ಲ ಭಾವ."

"ಅಂದರೆ ನನ್ನ ದುಡ್ಡು ಬರಬೇಕಾದರೆ ನನ್ನ ಮನೆ ಸುಡಬೇಕು. ಇದು ವಿಮೆಯೋ ಶಾಪವೋ?"

ಅವನಿಗೆ ಉತ್ತರ ಹೊಳೆಯಲಿಲ್ಲ. ಆದರೂ ಲೆಕ್ಕದ ಹಾಳೆ ತೆಗೆದ. ಮನೆಯ ಮೊತ್ತ ಎಂದರೆ ಗೋಡೆಯೊಳಗಿನ ಕಾರ್ಪೆಟ್ ವಿಸ್ತೀರ್ಣವನ್ನು ಈಗ ಕಟ್ಟಲು ತಗಲುವ ದರದಿಂದ ಗುಣಿಸಬೇಕಂತೆ. ನಮ್ಮದು ಸಾವಿರ ಚದರಡಿ, ಚದರಡಿಗೆ 2,400 ಹಿಡಿದು 24 ಲಕ್ಷ ಎಂದು ಬರೆದ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದೂವರೆ ಕೋಟಿಯ ಮನೆಗೆ 24 ಲಕ್ಷವೆ? ಮದುವೆ ಮಾತುಕತೆಯಲ್ಲಿ ಬೀಗರಿಗೆ ಗೊತ್ತಾದರೆ ಗತಿಯೇನು? "ಒಂದೂವರೆ ಕೋಟಿ ಸೈಟಿನದು ಭಾವ. ಜಾಗ ಸುಡಲ್ಲ" ಎಂದ. ಸಾಮಾನಿಗೆ ಬೇರೆ ಪಟ್ಟಿ ಕೊಡದೆಯೇ ಮನೆಯ ಮೊತ್ತದ ಶೇಕಡ 20ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ತಾನಾಗಿ ಸಿಗುತ್ತದಂತೆ. ನಮಗೆ 4 ಲಕ್ಷ 80 ಸಾವಿರ. ಒಡವೆಗೆ ಬೇರೆ ಬರೆಸಬೇಕು. ಕಳವಿನ ವಿಷಯ ಇನ್ನೂ ಚೆನ್ನಾಗಿದೆ. ಬೆಂಕಿಯೋ ನೆರೆಯೋ ಬಂದು, ಅದರ ಗಲಾಟೆಯಲ್ಲಿ ಏಳು ದಿನದೊಳಗೆ ಕಳವಾದರೆ ಮಾತ್ರ ಮೂಲ ಪಾಲಿಸಿಯಲ್ಲಿ ಸಲ್ಲುತ್ತದೆ, ಸುಮ್ಮನೆ ಬರುವ ಕಳ್ಳನಿಗೆ ಬೇರೆ ಪಾಲಿಸಿ. ಎಂಟನೇ ದಿನ ಬರುವ ಕಳ್ಳ ವೃತ್ತಿ ಗೊತ್ತಿಲ್ಲದವನು.

ಹಿಂದೆಲ್ಲ ಇನ್ನೊಂದು ತೊಡಕಿತ್ತಂತೆ. ಐವತ್ತು ಲಕ್ಷದ ಕಟ್ಟಡಕ್ಕೆ ಜಾಣತನದಿಂದ ಇಪ್ಪತ್ತೈದಕ್ಕೆ ಮಾತ್ರ ವಿಮೆ ಇಳಿಸಿದರೆ, ಹತ್ತು ಲಕ್ಷ ನಷ್ಟವಾದಾಗ ಐದೇ ಲಕ್ಷ ಕೊಡುತ್ತಿದ್ದರು. ಅರ್ಧ ಮನೆಗೆ ಕಟ್ಟಿದವನಿಗೆ ಅರ್ಧ ನಷ್ಟ. ಗೃಹ ರಕ್ಷಾದಲ್ಲಿ ಆ ಕತ್ತರಿ ಇಲ್ಲ. ವರ್ಷದ ಕಂತು ಎಷ್ಟೆಂದು ಕೇಳಿದೆ. ಹೇಳಿದ. ಗೃಹಪ್ರವೇಶದ ದಿನ ಹಸುವಿಗೆ, ಅದರ ಯಜಮಾನನಿಗೆ, ಗೋಣಿಚೀಲಕ್ಕೆ ಕೊಟ್ಟದ್ದೇ ಅದಕ್ಕಿಂತ ಹೆಚ್ಚಾಗಿತ್ತು. ಇಷ್ಟು ಅಗ್ಗವಾದದ್ದರಲ್ಲಿ ಏನೋ ಮೋಸ ಇರಲೇಬೇಕು ಎಂದು ಅವನನ್ನು ಕಾಫಿ ಕುಡಿಸಿ ಕಳಿಸಿದೆ. ಅಲ್ಲದೆ ಅಗ್ನಿದೇವನಿಗೆ ಆಗ್ನೇಯ ಮೂಲೆಯನ್ನೇ ಬಿಟ್ಟುಕೊಟ್ಟ ಮೇಲೆ ಬೆಂಕಿಗೆ ವಿಮೆ ಮಾಡಿಸುವುದು ಬಾಡಿಗೆ ಕೊಟ್ಟವನ ಮೇಲೆ ಪೊಲೀಸರಿಗೆ ದೂರು ಕೊಟ್ಟ ಹಾಗೆ. ಸಾಲ ಕೊಟ್ಟಾಗ ಬ್ಯಾಂಕಿನವರು ಯಾವುದೋ ವಿಮೆಗೆ ಸಹಿ ಹಾಕಿಸಿಕೊಂಡದ್ದೂ ನೆನಪಿದೆ. ಅದು ಮನೆಗೋ ನನಗೋ ಸಾಲಕ್ಕೋ, ಮೂವರಲ್ಲಿ ಯಾರು ಹೋದರೆ ಯಾರಿಗೆ ದುಡ್ಡು, ಓದಿಲ್ಲ. ಸಹಿ ಮಾತ್ರ ಮೂವತ್ತು ಕಡೆ ಹಾಕಿದ್ದೇನೆ.

ನೆರೆಯ ಭಯ ನನಗಿರಲಿಲ್ಲ. 2022ರಲ್ಲಿ ಯಮಲೂರಿನ ಕಡೆ ಕೋಟಿಗಟ್ಟಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ಟಿವಿಯಲ್ಲಿ ನೋಡಿದ್ದೆ. ಅದು ಶ್ರೀಮಂತರ ಕಾಯಿಲೆ. ನಮ್ಮ ಬಡಾವಣೆಯ ಹತ್ತಿರ ಹೊಳೆ ಇಲ್ಲ. ಕೆರೆ ಒಂದಿತ್ತು, ಅದೂ ಈಗಿಲ್ಲ, ಅಲ್ಲೇ ನಮ್ಮ ಮನೆ ಇದೆ. ಇದರಲ್ಲಿ ಹೊಸದೇನಿಲ್ಲ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಇದೆ. ನಮ್ಮ ಊರಿನ ವಾಡಿಕೆಯೇ ಅದು.

ಆಗಸ್ಟಿನ ಒಂದು ರಾತ್ರಿ ಎರಡು ಗಂಟೆ ಮಳೆ ಸುರಿಯಿತು. ಕೆರೆ ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬಂದು, ಮೊಣಕಾಲುದ್ದ ನಿಂತು, ಬೆಳಗಿನ ಜಾವ ಹೋಯಿತು. ನೀರು ಈಶಾನ್ಯದಿಂದಲೇ ಒಳಬಂತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಜಲಕ್ಕೆ ವಾಸ್ತು ಗೊತ್ತುಮಾಡಿದ ದಿಕ್ಕು ಅದೇ. ಆ ಮಟ್ಟಿಗೆ ಮನೆಯನ್ನು ಸರಿಯಾಗಿಯೇ ಕಟ್ಟಿದ್ದೇವೆ. ಫ್ರಿಜ್ಜು, ಸೋಫಾ, ಯುಪಿಎಸ್ ಬ್ಯಾಟರಿ, ಬೀರುವಿನ ಕೆಳ ಖಾನೆಯಲ್ಲಿದ್ದ ಮನೆಪತ್ರಗಳು ತೊಯ್ದವು. ಪತ್ರಗಳನ್ನು ಹಪ್ಪಳದ ಹಾಗೆ ತಾರಸಿಯಲ್ಲಿ ಒಣಗಿಸಿದೆವು.

ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿರುವ ಹುಡುಗ ತನ್ನ ಸಾಮಾನಿಗೆ ಮಾತ್ರ ವಿಮೆ ಇಳಿಸಿದ್ದನಂತೆ. ಬಾಡಿಗೆಯವರೂ ಹಾಗೆ ಮಾಡಿಸಬಹುದಂತೆ. ನಾನು ನೀರು ಎತ್ತಿ ಹಾಕುತ್ತಿದ್ದಾಗ ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದು ಸಾಮಾನಿಗೂ ಫೋಟೊ ಹೊಡೆಯುತ್ತಿದ್ದ. ಈ ಕಾಲದ ಹುಡುಗರಿಗೆ ಎಲ್ಲೆಲ್ಲಿ ಸೆಲ್ಫಿ ತೆಗೆಯಬೇಕೆಂಬ ವಿವೇಕವಿಲ್ಲ ಎಂದು ಬೈದೆ. ಈಗ ಅವನ ಮನೆಯಲ್ಲಿ ಹೊಸ ಫ್ರಿಜ್ಜಿದೆ. ನಮ್ಮ ಮೊಸರನ್ನು ಸದ್ಯಕ್ಕೆ ಅದರಲ್ಲೇ ಇಡುತ್ತಿದ್ದೇವೆ.

ಗಣೇಶನ ಹಬ್ಬ ಬಂತು. ಪುಟ್ಟನ ಮೊದಲ ತಿಳಿವಳಿಕೆಯ ಹಬ್ಬವೆಂದು ಪಾಟರಿ ಟೌನಿಗೇ ಹೋಗಿ ಒಂದೂವರೆ ಅಡಿಯ ಹಸಿಮಣ್ಣಿನ ಗಣಪತಿ ಆರಿಸಿದೆವು. ತೆಳ್ಳನೆಯ ಸೊಂಡಿಲು, ಕೈಯಲ್ಲಿ ಕಡ್ಲೆಕಾಳಿನಷ್ಟು ಮೋದಕ. ಅಲ್ಲಿಂದ ನಾಗರಬಾವಿಯವರೆಗೆ ಹಂಪು, ಗುಂಡಿ. ಮಡಿಲಲ್ಲಿ ಇಟ್ಟುಕೊಳ್ಳೋಣ ಎಂದಳು ಹೆಂಡತಿ. ನಾನು ಬಿಲ್‌ಕುಲ್ ಒಪ್ಪಲಿಲ್ಲ. ಡ್ರೈವರ್ ಒಮ್ಮೆ ಬ್ರೇಕ್ ಒತ್ತಿದರೆ ಸೊಂಡಿಲಿನ ಗತಿ? ಮಡಿಲನ್ನು ನಂಬಿ ದೇವರನ್ನು ಕೂರಿಸಲಾಗುತ್ತದೆಯೆ? ಅದಕ್ಕಾಗಿಯೇ ನಾನು ಮನೆಯಿಂದ ಆ ಸೀಟನ್ನು ತಂದಿದ್ದೆ.

ಮಗ ಕೊಕ್ಕೆ ಸಿಕ್ಕಿಸಿದ. ಕಟಕ್. ಸೀಟನ್ನು ಮುಂದಕ್ಕೆ ಮುಖ ಮಾಡಿಯೇ ಇರಿಸಿದೆವು. ದೇವರು ಬೆನ್ನು ತಿರುಗಿಸಿ ಕೂರಬಾರದು, ಅಲ್ಲದೆ ಗಣೇಶನಿಗೆ ಹದಿನೈದು ತಿಂಗಳು ದಾಟಿದೆ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಐದು ಕಡೆ ಪಟ್ಟಿ ಬಿಗಿದೆ. ಪಟ್ಟಿ ಮತ್ತು ಹೊಟ್ಟೆಯ ನಡುವೆ ಒಂದು ಬೆರಳಷ್ಟೇ ಸಂದು ಇರಬೇಕೆಂದು ಸೊಸೆ ಎಂದೋ ಹೇಳಿದ್ದು ನೆನಪಿತ್ತು, ಅಳತೆ ನೋಡಿದೆ. ಸೊಂಡಿಲಿಗೆ ಟವೆಲ್ ಸುತ್ತಿದೆ. "ಇಪ್ಪತ್ತಕ್ಕಿಂತ ಮೇಲೆ ಹೋಗಬೇಡ ಕಣೋ" ಎಂದು ಮಗನಿಗೆ ತಾಕೀತು ಮಾಡಿ, ಮುಂದಿನ ಸೀಟಿನಲ್ಲಿ ಪುಟ್ಟನನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತೆ. ಹಿಂದೆ ಗಣಪತಿಯ ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಸೊಸೆ.

ರಾಜಾಜಿನಗರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಬಗ್ಗಿ ಒಳಗೆ ನೋಡಿದರು. ಪುಟ್ಟ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದ. ಅವರ ದೃಷ್ಟಿ ಹಿಂದಿನ ಸೀಟಿಗೆ ಹೋಯಿತು. ಟೋಪಿ ತೆಗೆದು ಕೈಮುಗಿದರು. "ಚೆನ್ನಾಗಿ ಕಟ್ಟಿದ್ದೀರಿ ಸಾರ್. ಹುಷಾರಾಗಿ ಕರ್ಕೊಂಡು ಹೋಗಿ" ಎಂದರು.

ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ. ಆಮೇಲೆ ಸೊಸೆ ಕೇಳಿದಳು.

"ಮಾವ, ಇವರನ್ನು ಮೂರನೇ ದಿನ ನೀರಿಗೆ ಬಿಡ್ತೀವಲ್ವಾ?"

"ಹೌದಮ್ಮ. ಸಂಪ್ರದಾಯ."

"ಹಾಗಾದ್ರೆ ನಾಲ್ಕನೇ ದಿನದಿಂದ ಸೀಟು ಖಾಲಿ ಇರುತ್ತೆ."

"ಇರುತ್ತಮ್ಮ. ಚೆನ್ನಾಗಿ ಒರೆಸಿ ಅಟ್ಟಕ್ಕೆ ಹಾಕಿಡು" ಎಂದೆ. "ಮುಂದಿನ ವರ್ಷದ ಗಣಪತಿಗೆ ಬೇಕಾಗುತ್ತೆ."